ಪ್ರಿಂಟ್ ಮಾಡದ ‘ಪ್ರಿಂಟ್ ಸ್ಕ್ರೀನ್’

ನಿಮ್ಮ ಗಣಕದ ಕೀಲಿಮಣೆಯಲ್ಲಿ ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿಯನ್ನು ನೋಡಿರುತ್ತೀರಿ. ಒತ್ತಿದರೆ ಪ್ರಿಂಟರ್ ಮಿಸುಕುವುದೂ ಇಲ್ಲ. ಮತ್ತೇಕೆ ಆ ಹೆಸರು?

ಒಂದು ಕಾಲಕ್ಕೆ ಅದು ನಿಜವಾಗಿಯೂ ಪ್ರಿಂಟ್ ಮಾಡುತ್ತಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಶಿಫ್ಟ್ ಜೊತೆಗೆ ಇದನ್ನು ಒತ್ತಿದರೆ, ಪರದೆಯ ಮೇಲಿದ್ದ ಸಾಲುಗಳು ಕರಕರ ಸದ್ದಿನೊಂದಿಗೆ ಕಾಗದಕ್ಕೆ ಇಳಿಯುತ್ತಿದ್ದವು. ಆಗ ಇದಕ್ಕೆ ಸ್ವಂತ ಕೀಲಿಯೂ ಇರಲಿಲ್ಲ. ನಕ್ಷತ್ರ ಚಿಹ್ನೆಯ ಕೀಲಿಯಲ್ಲೇ ಬಾಡಿಗೆಗೆ ಇತ್ತು ಅನ್ನಿ.

ಪ್ರಿಂಟರಿಗೆ ಹೋಗುತ್ತಿದ್ದುದು ಮಾತ್ರ ಪರದೆಯ ಚಿತ್ರವಲ್ಲ, ಒಂದೊಂದು ಅಕ್ಷರದ ಸಂಕೇತ ಸಂಖ್ಯೆ. ಆ ಯಂತ್ರಕ್ಕೆ ಗೊತ್ತಿದ್ದದ್ದು 256 ಚಿಹ್ನೆಗಳು. ಅದರಲ್ಲಿ ಇಸ್ಪೀಟಿನ ಗುರುತುಗಳಿಗೂ ಜಾಗವಿತ್ತು, ನಮ್ಮ ‘ಅ’ಕಾರಕ್ಕೆ ಇರಲಿಲ್ಲ! ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಕಾರ್ಡನ್ನು ಗಣಕದೊಳಗೆ ಕೂರಿಸಿದರೆ ಭಾರತದ ಲಿಪಿಗಳು ಪರದೆಗೆ ಬರುತ್ತಿದ್ದವು. ಆದರೆ ಅದು ಎಲ್ಲರ ಬಳಿ ಇರಬೇಕಲ್ಲ?

1984ರ ಮ್ಯಾಕಿಂಟಾಶ್ ದಾರಿ ಬದಲಿಸಿತು. ಕಮಾಂಡ್, ಶಿಫ್ಟ್, 3 ಒಟ್ಟಿಗೆ ಒತ್ತಿದರೆ ಪರದೆ ಒಂದು ಚಿತ್ರದ ಕಡತವಾಗಿ ಡಿಸ್ಕಿನಲ್ಲಿ ಉಳಿಯುತ್ತಿತ್ತು. ವಿಂಡೋಸ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ಕ್ಲಿಪ್‌ಬೋರ್ಡಿಗೆ ಹೋಗುತ್ತಿತ್ತು. ‘ಪೇಂಟ್’ ತೆರೆದು ಅಂಟಿಸಿಕೊಳ್ಳಬೇಕಿತ್ತು. ಪ್ರಿಂಟರಿನ ನಂಟು ಕಡಿಯಿತು, ಹೆಸರು ಉಳಿಯಿತು.

ಹೊರನಾಡ ಕನ್ನಡಿಗರಿಗೆ ಇದರಿಂದ ಬಂದ ಅನುಕೂಲ ಸಣ್ಣದಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಾಗದವನ್ನು ಆ ಫಾಂಟ್ ಇಲ್ಲದ ಮುಂಬಯಿಯ ಗಣಕದಲ್ಲಿ ತೆರೆದರೆ ಕಾಣುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರದೆಯನ್ನೇ ಚಿತ್ರವಾಗಿ ಸೆರೆಹಿಡಿದು ಕಳಿಸಿದರೆ ಆ ತಾಪತ್ರಯವಿಲ್ಲ. ಒಂದು ಒತ್ತಕ್ಷರವೂ ಕದಲದೆ ದೆಹಲಿಯಲ್ಲೂ ಚೆನ್ನೈಯಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತಿತ್ತು.

ಇದಕ್ಕೆ ತೆತ್ತ ಬೆಲೆಯೂ ಇದೆ. ಚಿತ್ರದಲ್ಲಿರುವುದು ಬಣ್ಣದ ಚುಕ್ಕೆಗಳು, ಅಕ್ಷರಗಳಲ್ಲ. ಅದರೊಳಗಿನ ಪದವನ್ನು ನೇರವಾಗಿ ಹುಡುಕಲಾಗದು, ತಪ್ಪಿದ ಕಾಗುಣಿತ ತಿದ್ದಲಾಗದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಸೌಲಭ್ಯವೂ ಬಂತು, ಆದರೆ ಸೆಟ್ಟಿಂಗಿಗೆ ಹೋಗಿ ಅಳವಡಿಸಿಕೊಳ್ಳಬೇಕಿತ್ತು. ಎಷ್ಟೋ ಜನರಿಗೆ ಅದು ತಿಳಿದಿರಲೇ ಇಲ್ಲ.

ಅಷ್ಟರಲ್ಲಿ ಚಿತ್ರ ತೆಗೆಯುವುದು ಇನ್ನೂ ಸುಲಭವಾಯಿತು. 2007ರ ವಿಸ್ಟಾದಲ್ಲಿ ಬೇಕಾದಷ್ಟೇ ಭಾಗ ಕತ್ತರಿಸುವ ‘ಸ್ನಿಪ್ಪಿಂಗ್ ಟೂಲ್’ ಬಂತು. 2011ರ ಆಂಡ್ರಾಯ್ಡ್ 4.0ರಿಂದ ಮೊಬೈಲಿನಲ್ಲಿ ಎರಡು ಗುಂಡಿ ಒತ್ತಿದರೆ ಸಾಕು. ಈಗ ಫಾಂಟಿನ ತೊಂದರೆ ಬಹುಮಟ್ಟಿಗೆ ನೀಗಿದೆ. ಆದರೂ ಕವಿತೆ, ಲೇಖನ, ಕನ್ನಡ ಸಂಘದ ಆಹ್ವಾನ ಎಲ್ಲವೂ ಚಿತ್ರಗಳಾಗಿಯೇ ಓಡಾಡುತ್ತಿವೆ. ನೀವು ಮುಂದಿನ ಬಾರಿ ಕಳಿಸುವಾಗ ಚಿತ್ರದ ಕೆಳಗೆ ಆ ನಾಲ್ಕು ಸಾಲನ್ನು ಟೈಪಿಸಿಯೂ ಹಾಕಿ. ಹತ್ತು ವರ್ಷ ಬಿಟ್ಟು ಹುಡುಕುವವರ ಕೈಗೂ ಅದು ಸಿಗಲಿ.