ಅಪಘಾತಕ್ಕೂ ನರಹತ್ಯೆಗೂ ನಡುವಿನ ಗೆರೆ

ರಸ್ತೆಯಲ್ಲಿ ಜೀವ ತೆಗೆದ ಚಾಲಕನ ಮೇಲೆ ಭಾರತದ ಪೊಲೀಸರು ಒಂದೂವರೆ ಶತಮಾನ ಕಾಲ ಹಾಕುತ್ತ ಬಂದ ಕಲಂ 304ಎ ಮೋಟಾರು ಕಾರಿಗಿಂತ ಹಳೆಯದು. ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿದ ದಂಡ ಸಂಹಿತೆಯ ಕರಡಿನಲ್ಲಿ, ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಸಾವಿಗೆ ಕಾರಣನಾದವನನ್ನು ಶಿಕ್ಷಿಸುವ ನಿಯಮವಿತ್ತು. 1860ರಲ್ಲಿ ಸಂಹಿತೆ ಅಂಗೀಕಾರವಾಗುವ ಹೊತ್ತಿಗೆ ಅದು ಬಿಟ್ಟುಹೋಗಿತ್ತು. ಸಾರ್ವಜನಿಕ ದಾರಿಯಲ್ಲಿ ಅಡ್ಡಾದಿಡ್ಡಿಯಾಗಿ ಗಾಡಿ ಹೊಡೆಯುವುದನ್ನು, ಕುದುರೆ ಓಡಿಸುವುದನ್ನು ಕಲಂ 279 ಶಿಕ್ಷಿಸುತ್ತಿತ್ತು. ಆದರೆ ಅದರಿಂದ ಯಾರಾದರೂ ಸತ್ತರೆ ಆ ಸಾವಿಗೆಂದೇ ಪ್ರತ್ಯೇಕ ಕಲಂ ಇರಲಿಲ್ಲ. 1870ರ ತಿದ್ದುಪಡಿ ಕಾಯ್ದೆ ಈ ಕೊರತೆಯನ್ನು ತುಂಬಿತು. ನರಹತ್ಯೆಯ ಮಟ್ಟ ಮುಟ್ಟದ, ಆದರೆ ದುಡುಕು ಅಥವಾ ನಿರ್ಲಕ್ಷ್ಯದಿಂದ ಉಂಟಾದ ಸಾವಿಗೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ಎರಡು ವರ್ಷದ ಮಿತಿ 2024ರವರೆಗೂ ಬದಲಾಗಲಿಲ್ಲ.

ಕಲಂ ಬಂದ ಎರಡೇ ವರ್ಷದಲ್ಲಿ ಅದರ ಅರ್ಥವನ್ನು ಬಿಡಿಸಿಡುವ ಕೆಲಸ ಮದರಾಸು ಹೈಕೋರ್ಟಿಗೆ ಬಂತು. ನ್ಯಾಯಮೂರ್ತಿ ಹಾಲೋವೆ 1872ರಲ್ಲಿ ಎಳೆದ ಗೆರೆಯನ್ನು ನ್ಯಾಯಾಲಯಗಳು ಮುಂದೆಯೂ ಉಲ್ಲೇಖಿಸುತ್ತ ಬಂದವು. ಕೆಡುಕಾಗಬಹುದು ಎಂದು ಗೊತ್ತಿದ್ದೂ, ಆಗಲಿಕ್ಕಿಲ್ಲ ಎಂಬ ಭರವಸೆಯಲ್ಲಿ ಮುನ್ನುಗ್ಗುವುದು ದುಡುಕು. ಆ ಅರಿವೇ ಮೂಡದಂತೆ, ಇರಬೇಕಾದ ಎಚ್ಚರ ತಪ್ಪಿ ನಡೆಯುವುದು ನಿರ್ಲಕ್ಷ್ಯ. ಮುಂದಿನ ವಾದಗಳೆಲ್ಲ ಈ ಅರಿವಿನ ಸುತ್ತಲೇ ನಡೆದಿವೆ. ಎಷ್ಟು ಜನ ಸತ್ತರು ಎಂಬುದು ಜನರ ಸಿಟ್ಟನ್ನು ಅಳೆಯಬಹುದು. ಕಲಮನ್ನು ತೀರ್ಮಾನಿಸುವುದು ಸ್ಟೀರಿಂಗ್ ಹಿಡಿದವನಿಗೆ ಏನು ತಿಳಿದಿತ್ತು ಎಂಬ ಪ್ರಶ್ನೆ.

ಇನ್ನೊಂದು ಕಟ್ಟುಪಾಡು ಮುಂಬಯಿಯಿಂದ ಬಂತು. 1902ರಲ್ಲಿ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್, ಸಾವು ಆರೋಪಿಯ ಕೃತ್ಯದ ನೇರ ಫಲವಾಗಿರಬೇಕು, ನಡುವೆ ಬೇರೊಬ್ಬರ ನಿರ್ಲಕ್ಷ್ಯ ಬಂದು ಸೇರಿರಬಾರದು ಎಂದರು. ಸುಪ್ರೀಂ ಕೋರ್ಟು 1960ರ ದಶಕದಲ್ಲಿ ಇದನ್ನು ಒಪ್ಪಿದ್ದು ರಸ್ತೆಯ ಮೊಕದ್ದಮೆಯಲ್ಲಲ್ಲ, ಮುಂಬಯಿಯ ಬಣ್ಣದ ಕಾರ್ಖಾನೆಯ ಬೆಂಕಿಯಲ್ಲಿ ಏಳು ಕಾರ್ಮಿಕರು ಸತ್ತ ಮೊಕದ್ದಮೆಯಲ್ಲಿ. ಉರಿಯುವ ಬರ್ನರಿನ ಕೋಣೆಯಲ್ಲೇ ಟರ್ಪೆಂಟೈನ್ ಇಡಿಸಿದ್ದ ವ್ಯವಸ್ಥಾಪಕ 304ಎಯಿಂದ ಪಾರಾದ. ಬಿಸಿ ಟಾರಿಗೆ ಅವಸರದಲ್ಲಿ ಟರ್ಪೆಂಟೈನ್ ಸುರಿದದ್ದು ಇನ್ನೊಬ್ಬ ಕೆಲಸಗಾರ, ಸಾವಿನ ನೇರ ಕಾರಣ ಅದು ಎಂದು ನ್ಯಾಯಾಲಯ ಹೇಳಿತು. ಪಾದಚಾರಿಯೇ ಅಡ್ಡ ಬಂದ, ಎದುರಿನ ವಾಹನದವನದೇ ತಪ್ಪು ಎಂದು ಚಾಲಕರ ವಕೀಲರು ಹೂಡುವ ವಾದದ ಬೇರು ಇಲ್ಲಿದೆ.

ಇದೇ ಪ್ರಶ್ನೆಯಲ್ಲಿ ಇಂಗ್ಲೆಂಡ್ ನಡೆದ ದಾರಿ ತೀರ ತಿರುವುಮುರುವು. ಅಲ್ಲಿ ಇದ್ದದ್ದು ನರಹತ್ಯೆಯ ಆರೋಪ. 1937ರಲ್ಲಿ ಲಾರ್ಡ್ ಆಟ್ಕಿನ್, ಅದಕ್ಕೆ ಅತಿ ಹೆಚ್ಚಿನ ಮಟ್ಟದ ನಿರ್ಲಕ್ಷ್ಯ ಬೇಕೆಂದರು. ಜ್ಯೂರಿಯಲ್ಲಿ ಕೂತವರೂ ವಾಹನ ಓಡಿಸುವವರೇ. ತಮ್ಮಂತಹ ಇನ್ನೊಬ್ಬನನ್ನು ನರಹಂತಕ ಎನ್ನಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಕೊನೆಗೆ 1956ರ ರಸ್ತೆ ಸಂಚಾರ ಕಾಯ್ದೆ, ಅಪಾಯಕರ ಚಾಲನೆಯಿಂದ ಸಾವು ಎಂಬ ಕೆಳಹಂತದ ಹೊಸ ಅಪರಾಧವನ್ನು ಸೃಷ್ಟಿಸಬೇಕಾಯಿತು. ಭಾರತದಲ್ಲಿ ಕೆಳಮೆಟ್ಟಿಲು 1870ರಿಂದಲೇ ಇತ್ತು. ಅದನ್ನು ಬಿಟ್ಟು ಮೇಲೇರುವುದೇ ಇಲ್ಲಿ ಕಷ್ಟವಾಯಿತು.

ಆ ಕೆಳಮೆಟ್ಟಿಲಿನಲ್ಲೂ ಎಷ್ಟೋ ಮೊಕದ್ದಮೆಗಳು ನಿಲ್ಲುತ್ತಿರಲಿಲ್ಲ. ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 1987ರಲ್ಲಿ ತೀರ್ಮಾನವಾದ ಮೊದಲನೆಯದರಲ್ಲಿ ತಪ್ಪು ಸಾಬೀತಾಗಿದ್ದರೂ ಕೆಳ ನ್ಯಾಯಾಲಯ ಸಣ್ಣ ದಂಡ ಹಾಕಿ ಚಾಲಕನನ್ನು ಕಳಿಸಿತ್ತು. ಸುಪ್ರೀಂ ಕೋರ್ಟು ಅದನ್ನು ಆಕ್ಷೇಪಿಸಿ ಆರು ತಿಂಗಳ ಕಠಿಣ ಸಜೆ ಮತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಎರಡನೆಯದು 1998ರ ತೀರ್ಪು. 1982ರಲ್ಲಿ ಜನ ತುಂಬಿದ್ದ ಲಾರಿಯೊಂದು ಹಳ್ಳ ದಾಟುವಾಗ ಮಗುಚಿ 15 ಮಂದಿ ಸತ್ತಿದ್ದರು. ಸಾಕ್ಷಿಗಳು ಹೇಳಿದ್ದು ಲಾರಿ ಅತಿವೇಗದಲ್ಲಿತ್ತು ಎಂದಷ್ಟೆ. ವೇಗ ಎಂಬುದು ಸಾಪೇಕ್ಷ, ಎಷ್ಟು ವೇಗ ಎಂದು ಯಾರೂ ಹೇಳಿಲ್ಲ, ವೇಗವೊಂದರಿಂದಲೇ ನಿರ್ಲಕ್ಷ್ಯವನ್ನು ಊಹಿಸಲಾಗದು ಎಂದ ನ್ಯಾಯಾಲಯ, ಹೈಕೋರ್ಟು ಕೊಟ್ಟಿದ್ದ ಬಿಡುಗಡೆಯನ್ನೇ ಎತ್ತಿಹಿಡಿಯಿತು. ವಾಹನವನ್ನು ಪರೀಕ್ಷಿಸಿದ್ದ ಮೋಟಾರು ವಾಹನ ನಿರೀಕ್ಷಕರ ವರದಿ ಕಡತದಲ್ಲಿ ಇರಲಿಲ್ಲ. ಅವರನ್ನು ಸಾಕ್ಷಿಕಟ್ಟೆಗೂ ಕರೆದಿರಲಿಲ್ಲ. 15 ಸಾವಿನ ಮೊಕದ್ದಮೆಗೆ ಇದಕ್ಕಿಂತ ಹಗುರವಾದ ತನಿಖೆಯನ್ನು ಊಹಿಸುವುದು ಕಷ್ಟ. ಪ್ರಥಮ ವರ್ತಮಾನ ವರದಿಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಒಂದೇ ಪದಪುಂಜ ಮತ್ತೆ ಮತ್ತೆ ಬರುತ್ತದೆ. ಬ್ರೇಕಿನ ಗುರುತು, ಸ್ಥಳದ ನಕ್ಷೆ, ಮಹಜರು, ರಕ್ತಪರೀಕ್ಷೆ ಇಲ್ಲದೆ ಆ ಪದಪುಂಜಕ್ಕೆ ನ್ಯಾಯಾಲಯದಲ್ಲಿ ಹೆಚ್ಚು ಬೆಲೆಯಿಲ್ಲ.

ಮೇಲಿನ ಮೆಟ್ಟಿಲು ಎಂದರೆ ಕಲಂ 304ರ ಎರಡನೇ ಭಾಗ: ಕೊಲ್ಲುವ ಉದ್ದೇಶವಿಲ್ಲದಿದ್ದರೂ ತನ್ನ ಕೃತ್ಯದಿಂದ ಸಾವು ಸಂಭವಿಸೀತು ಎಂಬ ತಿಳಿವಳಿಕೆ ಇದ್ದವನಿಗೆ ಹತ್ತು ವರ್ಷದವರೆಗೆ ಸಜೆ. ರಸ್ತೆ ಸಾವಿಗೆ ಇದು ಒಪ್ಪುತ್ತದೆಯೇ ಎಂಬುದನ್ನು ಮಹಾನಗರಗಳ ಎರಡು ಪ್ರಕರಣಗಳು ಇತ್ಯರ್ಥಕ್ಕೆ ತಂದವು. 2006ರ ನವೆಂಬರಿನ ಒಂದು ಮುಂಜಾವು ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕಾರು ಪಾದಚಾರಿ ಮಾರ್ಗಕ್ಕೆ ಏರಿ, ಮಲಗಿದ್ದ ಏಳು ಕೂಲಿಗಳನ್ನು ಕೊಂದಿತು. ಚಾಲಕನ ರಕ್ತದಲ್ಲಿ 100 ಮಿಲಿಲೀಟರಿಗೆ 112 ಮಿಲಿಗ್ರಾಂ ಮದ್ಯಸಾರವಿತ್ತು. ಕಾನೂನಿನ ಮಿತಿ 30. ಸೆಷನ್ಸ್ ನ್ಯಾಯಾಲಯ 304ಎ ಅಡಿ ಆರು ತಿಂಗಳು ಕೊಟ್ಟಿತು. ಹೈಕೋರ್ಟು ಅದನ್ನು 304ರ ಎರಡನೇ ಭಾಗಕ್ಕೆ ಏರಿಸಿ ಮೂರು ವರ್ಷ ಮಾಡಿತು, 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒಪ್ಪಿತು. 1999ರಲ್ಲಿ ದೆಹಲಿಯ ಲೋಧಿ ರಸ್ತೆಯಲ್ಲಿ ಬಿಎಂಡಬ್ಲ್ಯು ಕಾರಿಗೆ ಸಿಕ್ಕಿ ಮೂವರು ಪೊಲೀಸರೂ ಸೇರಿ ಆರು ಮಂದಿ ಸತ್ತ ಪ್ರಕರಣದಲ್ಲಿ 2012ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಮತ್ತೆ ಎರಡನೇ ಭಾಗವನ್ನೇ ಹಿಡಿಯಿತು. ಆದರೆ ಅನುಭವಿಸಿದ ಸೆರೆವಾಸವೇ ಸಾಕೆಂದು, 50 ಲಕ್ಷ ರೂಪಾಯಿ ಠೇವಣಿ ಮತ್ತು ಎರಡು ವರ್ಷದ ಸಮಾಜಸೇವೆಯನ್ನು ಸೇರಿಸಿತು. ದೊಡ್ಡ ಕಲಮಿನ ಹಿಂದೆ ದೊಡ್ಡ ಶಿಕ್ಷೆ ಬಂದೇ ಬರುತ್ತದೆ ಎನ್ನುವಂತಿಲ್ಲ.

ಈ ತೀರ್ಪುಗಳ ಬಳಿಕ ಕುಡಿತ, ಚಾಲಕನ ‘ತಿಳಿವಳಿಕೆ’ಗೆ ಸಿಗುವ ಅತಿ ಗಟ್ಟಿ ಪುರಾವೆಯಾಯಿತು. ಹಾಗಾಗಿ ಪ್ರಕರಣದ ಭವಿಷ್ಯ ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಮಾದರಿ ತೆಗೆಯುವವರ ಕೈಗೆ ಬಂತು. ಕಲಮನ್ನು ತಡವಾಗಿ ಏರಿಸಿದರೆ ತೊಡಕು ಬೇರೆ. 304ಎ ವಿಚಾರಣೆ ಮ್ಯಾಜಿಸ್ಟ್ರೇಟರಲ್ಲಿ, 304 ಸೆಷನ್ಸ್ ನ್ಯಾಯಾಲಯದಲ್ಲಿ. 2002ರ ಮುಂಬಯಿ ಅಪಘಾತವೊಂದರಲ್ಲಿ ಆರೋಪಿಯಾಗಿದ್ದ ಹಿಂದಿ ಚಿತ್ರನಟನ ವಿಚಾರಣೆ ಹೀಗೆ ಸೆಷನ್ಸ್‌ಗೆ ಏರಿ ಮೊದಲಿನಿಂದ ಶುರುವಾಯಿತು. 2015ರ ಮೇ ತಿಂಗಳಲ್ಲಿ ಐದು ವರ್ಷದ ಶಿಕ್ಷೆಯಾಗಿ, ಅದೇ ಡಿಸೆಂಬರಿನಲ್ಲಿ ಹೈಕೋರ್ಟಿನಿಂದ ಬಿಡುಗಡೆಯಾಯಿತು.

ಎರಡು ವರ್ಷದ ಮಿತಿ ಸಾಲದು, ಶಾಸಕಾಂಗ ಮರುಪರಿಶೀಲಿಸಬೇಕು ಎಂದು 2015ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಅದನ್ನು ಐದು ವರ್ಷಕ್ಕೆ ಏರಿಸಿತು. ಡಿಕ್ಕಿ ಹೊಡೆದು, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿಹೋದರೆ ಹತ್ತು ವರ್ಷ ಎಂಬ ಎರಡನೇ ಉಪಕಲಮನ್ನೂ ಅದರಲ್ಲಿ ಸೇರಿಸಲಾಗಿತ್ತು. ಅಪಘಾತದ ಜಾಗದಲ್ಲಿ ನಿಂತರೆ ಗುಂಪಿನ ಏಟಿಗೆ ಪ್ರಾಣ ಹೋದೀತು, ಓಡಿದರೆ ಹತ್ತು ವರ್ಷ ಜೈಲು ಎಂಬ ಭಯದಿಂದ ಅದೇ ವರ್ಷದ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದರು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದವು. ಸಾಗಾಣಿಕೆದಾರರ ಸಂಘಟನೆಯೊಂದಿಗೆ ಚರ್ಚಿಸದೆ ಇದನ್ನು ಜಾರಿ ಮಾಡುವುದಿಲ್ಲವೆಂದು ಕೇಂದ್ರ ಗೃಹ ಕಾರ್ಯದರ್ಶಿ ಭರವಸೆ ಕೊಟ್ಟರು. ಜುಲೈಯಲ್ಲಿ ಸಂಹಿತೆಯ ಉಳಿದ ಭಾಗ ಜಾರಿಯಾದಾಗ ಈ ಉಪಕಲಂ ಅಧಿಸೂಚನೆಯಿಂದ ಹೊರಗುಳಿಯಿತು. ಹಳೆಯ 304 ಮಾತ್ರ ಕಲಂ 105 ಎಂಬ ಹೊಸ ಸಂಖ್ಯೆಯಲ್ಲಿ ಮುಂದುವರಿಯಿತು.