ಕಾವೇರಿ ಗಲಭೆಗಳು: ನೀರು, ಬಡತನ ಮತ್ತು ನೆರೆಹೊರೆ

2016ರ ಸೆಪ್ಟೆಂಬರ್ 12, ಸೋಮವಾರ. ಮರುದಿನ ಬಕ್ರೀದ್. ಗೊರಗುಂಟೆಪಾಳ್ಯದ ನಮ್ಮ ಮನೆಗಳಲ್ಲಿ ಕುರ್ಬಾನಿಯ ಮಾತು ನಡೆಯಬೇಕಿದ್ದ ಸಂಜೆ. ಆದರೆ ಪೀಣ್ಯ, ಯಶವಂತಪುರ, ಆರ್‌ಎಂಸಿ ಯಾರ್ಡ್, ರಾಜಗೋಪಾಲನಗರ ಸೇರಿದಂತೆ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾಗಿದ್ದ. ಬೆಳಿಗ್ಗೆ ಈದ್ ನಮಾಝಿಗೆ ಹೊರಡಬಹುದೇ ಎಂಬುದೇ ಅಂದಿನ ಪ್ರಶ್ನೆ.

ಕಾರಣ ಕಾವೇರಿ. ಮಳೆ ಕಡಿಮೆಯಾದ ವರ್ಷ. ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 5ರಂದು ಹೇಳಿತ್ತು. 12ರಂದು ಅದನ್ನು 12,000ಕ್ಕೆ ಇಳಿಸಿತಾದರೂ ಅವಧಿಯನ್ನು 20ರವರೆಗೆ ಚಾಚಿತು. ಸಂಜೆಯೊಳಗೆ ತಮಿಳುನಾಡಿನ ನೋಂದಣಿಯ ಲಾರಿ, ಬಸ್ಸುಗಳು ಉರಿಯತೊಡಗಿದ್ದವು.

ಜಗಳ ಹಳೆಯದು. 1892 ಮತ್ತು 1924ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸಿಗೂ ಒಪ್ಪಂದಗಳಾದವು. ಮಳೆಗಾಲದ ಲೆಕ್ಕವೇ ಇಲ್ಲಿನ ತೊಡಕು. ಕೊಡಗಿನಲ್ಲಿ ಜೂನ್‌ನಿಂದ ಸುರಿಯುವ ಮಳೆ ಕೆಆರ್‌ಎಸ್ ತುಂಬಿಸಬೇಕು. ತಂಜಾವೂರಿನ ಗದ್ದೆಗೂ ಅದೇ ಹೊತ್ತಿನಲ್ಲಿ ನೀರು ಬೇಕು. ಅಲ್ಲಿಯ ಹಿಂಗಾರು ಬರುವುದು ಅಕ್ಟೋಬರ್‌ನಲ್ಲಿ. ಮುಂಗಾರು ಕೈಕೊಟ್ಟ ವರ್ಷ ಮಂಡ್ಯದ ರೈತನೂ ತಂಜಾವೂರಿನ ರೈತನೂ ಒಂದೇ ಖಾಲಿ ಕೊಡದತ್ತ ನೋಡುತ್ತಿರುತ್ತಾರೆ.

ಹಾಗೆಂದು ಬರವೇ ಗಲಭೆ ಎಬ್ಬಿಸುತ್ತದೆ ಎಂದು ನಾವು ಹೇಳಲಾರೆವು. 1991ನ್ನು ನೋಡಿ. ಆ ವರ್ಷ ಮಳೆ ಚೆನ್ನಾಗಿಯೇ ಆಗಿತ್ತು. ವರ್ಷಕ್ಕೆ 205 ಟಿಎಂಸಿ ಬಿಡಬೇಕೆಂದು ನ್ಯಾಯಮಂಡಳಿ ಜೂನ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರಕಾರ ಅದಕ್ಕೆದುರಾಗಿ ಸುಗ್ರೀವಾಜ್ಞೆ ತಂದಿತು; ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 11ರಂದು ಕೇಂದ್ರ ಸರಕಾರ ಆದೇಶವನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ಮರುದಿನದಿಂದ ಬೆಂಗಳೂರಿನಲ್ಲಿ ತಮಿಳರ ಗುಡಿಸಲು, ಅಂಗಡಿಗಳ ಮೇಲೆ ದಾಳಿ ಶುರುವಾಯಿತು. ಜೀವಗಳು ಹೋದವು, ಸಾವಿರಾರು ಮಂದಿ ಮಕ್ಕಳನ್ನೆತ್ತಿಕೊಂಡು ಗಡಿ ದಾಟಿದರು. ಸುಟ್ಟುಹೋದದ್ದು ಯಾರ ಮನೆ? ಕಟ್ಟಡ ಕೂಲಿಯವರದು, ಕೊಳೆಗೇರಿಯವರದು. ಅವರಲ್ಲಿ ಒಬ್ಬರಿಗೂ ಕಾವೇರಿ ಕೊಳ್ಳದಲ್ಲಿ ಗದ್ದೆ ಇತ್ತೋ ಇಲ್ಲವೋ!

ಕಲ್ಲೆತ್ತಿದವರ ಕಥೆಯೂ ದೂರದ್ದಲ್ಲ. 2016ರಲ್ಲಿ ಬಂಧಿತರಾದ ನೂರಾರು ಜನರಲ್ಲಿ ಕೂಲಿ ಹುಡುಕಿಕೊಂಡು ನಗರಕ್ಕೆ ಬಂದ ಕುಟುಂಬಗಳವರೂ ಇದ್ದರು. ಮಳೆ ನಂಬಿ ಸೋತವರು ಊರು ಬಿಟ್ಟು ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್ ಸುತ್ತಲಿನ ವಠಾರಗಳಿಗೆ ಬಂದು ಸೇರುತ್ತಾರೆ. ಅಲ್ಲಿ ನೆಲದಡಿಯ ನೀರಿಗೂ ಕಾರ್ಖಾನೆಗಳ ಕ್ರೋಮಿಯಂ ಇಳಿದಿದೆ. ನಮ್ಮ ಪಾಳ್ಯದ ಹೆಸರಿನಲ್ಲಿ ‘ಕುಂಟೆ’ಯೊಂದು ಅಡಗಿರುವಂತಿದೆ, ಇಂದು ನಲ್ಲಿಗೆ ಬರುವುದು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿ.

ಸಂಧಾನದ ಒಂದು ಪ್ರಯತ್ನವನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. 2002ರ ಬರದ ಕಹಿ ಇನ್ನೂ ಆರಿರದಿದ್ದಾಗ, 2003ರಲ್ಲಿ, ಎರಡೂ ರಾಜ್ಯಗಳ ರೈತರು ಚೆನ್ನೈಯಲ್ಲಿ ಒಟ್ಟಿಗೆ ಕುಳಿತರು. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊ. ಎಸ್. ಜನಕರಾಜನ್ ಇದಕ್ಕೆ ಶ್ರಮಿಸಿದವರು. ‘ಕಾವೇರಿ ಕುಟುಂಬ’ ಎಂದು ಹೆಸರಾಯಿತು. ಇವರು ಅವರ ಗದ್ದೆ ನೋಡಿದರು, ಅವರು ಇವರ ಅಣೆಕಟ್ಟು ನೋಡಿದರು. ಎದುರಿನವನೂ ಸಾಲಗಾರನೇ ಎಂದು ಕಣ್ಣಾರೆ ಕಂಡರು. ಹಂಚಿಕೆಯ ಸೂತ್ರವೊಂದನ್ನು ಸರಕಾರಗಳಿಂದ ಒಪ್ಪಿಸಲು ಅವರಿಗೆ ಆಗಲಿಲ್ಲ, ನಿಜ. ಆದರೂ ನ್ಯಾಯಾಲಯದ ಕಟಕಟೆಯಲ್ಲಿ ಆಗದ ಮಾತು ಗದ್ದೆಯ ಬದುವಿನ ಮೇಲೆ ಆಯಿತು. ಮದೀನಾದಲ್ಲಿ ದುಡ್ಡಿಗೆ ಮಾರಲಾಗುತ್ತಿದ್ದ ರೂಮಾ ಬಾವಿಯನ್ನು ಹಝ್ರತ್ ಉಸ್ಮಾನ್(ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟದ್ದು ಇಲ್ಲಿ ನೆನಪಾಗುತ್ತದೆ.

2018ರ ಫೆಬ್ರವರಿ 16ರ ತೀರ್ಪು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅಂದು ನಗರದಲ್ಲಿ ಬೆಂಕಿ ಬೀಳಲಿಲ್ಲ.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಸಂಪಿಲ್ಲದ ವಠಾರದವರು ಅಷ್ಟು ನೀರನ್ನು ತುಂಬಿಡುವುದೆಲ್ಲಿ? ಕನ್ನಡ, ತಮಿಳು, ಉರ್ದು, ತೆಲುಗು ಮಾತಾಡುವ ನೆರೆಯವರು ಡ್ರಮ್ಮು, ಬಿಂದಿಗೆಗಳನ್ನು ಸಾಲಾಗಿಟ್ಟು, ಹಣ ಸೇರಿಸಿ ಟ್ಯಾಂಕರ್ ತರಿಸುತ್ತಾರೆ.