ಸಭೆಯ ಪಾಲು: ಕ್ರೈಸ್ತ ಆರಾಧನೆಯ ಉದ್ದೇಶದ ಚಾರಿತ್ರಿಕ ಪರಿಶೀಲನೆ

ಕ್ರೈಸ್ತರ ಆರಾಧನೆಯ ಬಗ್ಗೆ ಹೊರಗಿನವರಿಂದ ಬಂದ ಅತ್ಯಂತ ಹಳೆಯ ವಿವರಗಳಲ್ಲಿ ಒಂದು ರೋಮನ್ ಅಧಿಕಾರಿಯೊಬ್ಬನ ವಿಚಾರಣಾ ವರದಿ. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯ ಪ್ರಾಂತದ ರಾಜ್ಯಪಾಲ ಪ್ಲಿನಿ ಇದನ್ನು ಚಕ್ರವರ್ತಿ ಟ್ರೇಜನ್‌ಗೆ ಬರೆದ. ಈ ಜನ ಗೊತ್ತಾದ ದಿನ ನಸುಕಿನಲ್ಲಿ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಸರದಿಯ ಮೇಲೆ ಹಾಡಿ ಹೊಗಳುತ್ತಾರೆ, ಕಳ್ಳತನ ಹಾದರ ಮಾಡುವುದಿಲ್ಲವೆಂದು ಆಣೆಯಿಡುತ್ತಾರೆ, ಆಮೇಲೆ ಮತ್ತೆ ಕೂಡಿ ಊಟ ಮಾಡುತ್ತಾರೆ. ಇಷ್ಟನ್ನು ಖಚಿತಪಡಿಸಿಕೊಳ್ಳಲು ಅವನು ಹಿಂಸೆ ಕೊಟ್ಟು ವಿಚಾರಿಸಿದ್ದು ಸಭೆಯಲ್ಲಿ ಸೇವಕಿಯರೆನಿಸಿಕೊಂಡಿದ್ದ ಇಬ್ಬರು ದಾಸಿಯರನ್ನು. ದಾಸಿಯರಿಗೆ ಅಲ್ಲೊಂದು ಸ್ಥಾನವಿತ್ತು ಎಂಬುದನ್ನು ವರದಿ ತನಗರಿವಿಲ್ಲದೆಯೇ ದಾಖಲಿಸಿದೆ.

ಒಳಗಿನವರ ಸಾಕ್ಷ್ಯ ಇನ್ನೂ ಸ್ಪಷ್ಟ. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಕೂಟವನ್ನು ಹಂತಹಂತವಾಗಿ ವಿವರಿಸುತ್ತಾನೆ. ಸಮಯವಿದ್ದಷ್ಟು ಹೊತ್ತು ಗ್ರಂಥಪಠನ, ಅಧ್ಯಕ್ಷನ ಪ್ರಸಂಗ, ಎಲ್ಲರೂ ಎದ್ದುನಿಂತು ಪ್ರಾರ್ಥನೆ, ಬಳಿಕ ರೊಟ್ಟಿ, ದ್ರಾಕ್ಷಾರಸ, ನೀರು. ಅಧ್ಯಕ್ಷ ತನ್ನ ಶಕ್ತಿಗೆ ತಕ್ಕಂತೆ ಕೃತಜ್ಞತಾಸ್ತುತಿ ಸಲ್ಲಿಸುತ್ತಾನೆ. ಜನ ‘ಆಮೆನ್’ ಎಂದು ಒಪ್ಪಿಗೆ ಕೊಡುತ್ತಾರೆ. ಬಾರದವರ ಪಾಲನ್ನು ಮನೆಗೆ ಮುಟ್ಟಿಸಲಾಗುತ್ತದೆ. ಉಳ್ಳವರು ಕೊಟ್ಟ ಕಾಣಿಕೆ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರಿಗೆ ಸೇರುತ್ತದೆ. ಇದು ಆರಾಧನೆ ಮುಗಿದ ಮೇಲಿನ ದಾನವಲ್ಲ, ಆರಾಧನೆಯದೇ ಭಾಗ ಎಂಬುದು ನನ್ನ ಓದು. ಇದಕ್ಕೂ ನೂರು ವರ್ಷ ಮೊದಲು ಸಂತ ಪೌಲ ಕೊರಿಂಥದವರನ್ನು ಗದರಿದ್ದು ಇದೇ ಕಾರಣಕ್ಕೆ: ಉಳ್ಳವರು ಮೊದಲೇ ಉಂಡು ಬಡವರು ಹಸಿದಿದ್ದರೆ ಅದು ಕರ್ತನ ಭೋಜನವೇ ಅಲ್ಲ.

ದೇವರಿಗೆ ಕೃತಜ್ಞತೆ, ನೆರೆಯವರಿಗೆ ಪಾಲು: ಆರಂಭದ ಆರಾಧನೆಯ ಉದ್ದೇಶವನ್ನು ಈ ಎರಡರಲ್ಲಿ ಹಿಡಿಯಬಹುದು.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರವನ್ನು ಬಿಡುವಿನ ದಿನ ಮಾಡಿದ. ಮನೆಗಳಲ್ಲಿ ನಡೆಯುತ್ತಿದ್ದ ಕೂಟಕ್ಕೆ ಭವ್ಯ ಕಟ್ಟಡಗಳು ಬಂದವು. ಪಶ್ಚಿಮ ಯುರೋಪಿನಲ್ಲಿ ಜನರ ಆಡುಮಾತು ಲ್ಯಾಟಿನ್‌ನಿಂದ ದೂರ ಸರಿದರೂ ಪೂಜೆಯ ಭಾಷೆ ಬದಲಾಗಲಿಲ್ಲ; ಮುಖ್ಯ ಪ್ರಾರ್ಥನೆಯನ್ನು ಯಾಜಕ ಪಿಸುದನಿಯಲ್ಲಿ ಹೇಳತೊಡಗಿದ. ಜನ ರೊಟ್ಟಿ ಸ್ವೀಕರಿಸುವುದನ್ನು ಬಿಟ್ಟು, ಗಂಟೆ ಬಾರಿಸಿದಾಗ ಅದನ್ನು ಎತ್ತಿ ತೋರಿಸುವುದನ್ನು ನೋಡಿ ತೃಪ್ತರಾದರು. ವರ್ಷಕ್ಕೊಮ್ಮೆಯಾದರೂ ಸ್ವೀಕರಿಸಿ ಎಂದು 1215ರ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಬೇಕಾಯಿತೆಂದರೆ ಸ್ಥಿತಿ ಊಹಿಸಬಹುದು. ಪಾಲುಗಾರ ಪ್ರೇಕ್ಷಕನಾಗಿದ್ದ.

ಪ್ರೊಟೆಸ್ಟಂಟ್ ಸುಧಾರಕ ಲೂಥರ್ 1526ರಲ್ಲಿ ಜರ್ಮನ್ ಭಾಷೆಯ ಆರಾಧನಾಕ್ರಮ ಪ್ರಕಟಿಸಿ ಹಾಡನ್ನು ಸಭೆಯ ಬಾಯಿಗೆ ಮರಳಿಸಿದ. ಆ ಪರಂಪರೆಯ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಹೀಗಾಗಿ ಒಂದೇ ಊರಿನಲ್ಲಿ ಪ್ರೊಟೆಸ್ಟಂಟರು ಕನ್ನಡದಲ್ಲಿ ಆರಾಧಿಸುತ್ತಿದ್ದಾಗ, ಮನೆಯಲ್ಲಿ ಕೊಂಕಣಿ ಆಡುವ ಕಥೋಲಿಕರು ಲ್ಯಾಟಿನ್ ಪೂಜೆಯಲ್ಲಿ ಕುಳಿತಿರುತ್ತಿದ್ದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಜನಭಾಷೆಗೆ ಬಾಗಿಲು ತೆರೆಯಿತು; ಸಭೆಯ ಪೂರ್ಣ, ಸಕ್ರಿಯ ಪಾಲ್ಗೊಳ್ಳುವಿಕೆಯೇ ಮುಖ್ಯ ಗುರಿಯೆಂದಿತು.

ಮುಂದಿನ ಹೆಜ್ಜೆಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಇಲ್ಲಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಡಿ. ಎಸ್. ಅಮಲೋರ್‌ಪವದಾಸ್ ಅವರು ಪೂಜೆಯ ಭಾರತೀಕರಣಕ್ಕೆ ದುಡಿದರು. ಭಾರತದ ಧರ್ಮಾಧ್ಯಕ್ಷರು ಕೇಳಿದ 12 ಅಂಶಗಳಿಗೆ ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆಯಿತ್ತಿತು. ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಮಂಡಿಯೂರುವ ಬದಲು ಕೈಮುಗಿಯುವುದು, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ, ಹೂವು ಧೂಪ ದೀಪಗಳ ಆರತಿ ಇವುಗಳಲ್ಲಿ ಸೇರಿದ್ದವು. ಇವು ಮೇಲ್ಜಾತಿಯ ದೇವಾಲಯದ ಆಚಾರಗಳು, ದಲಿತ ಕ್ರೈಸ್ತರ ಅನುಭವದಿಂದ ಬಂದವಲ್ಲ ಎಂದು ದಲಿತ ದೇವತಾಶಾಸ್ತ್ರಜ್ಞರು ಆಮೇಲೆ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಹನ್ನೆರಡು ಅಂಶಗಳಲ್ಲಿ ಹೆಚ್ಚಿನವು ಭಂಗಿ, ಬಟ್ಟೆ, ಪರಿಕರ, ಉಪಚಾರಗಳಿಗೆ ಸಂಬಂಧಿಸಿದವು. ಜಸ್ಟಿನ್ ಹೇಳಿದ ಕಾಣಿಕೆಯ ಹಂಚಿಕೆಯ ಬಗ್ಗೆ ಅವುಗಳಲ್ಲಿ ಒಂದೂ ಇಲ್ಲ.